ಗೂಟಕ್ಕೇರಿದ ಹಂಚು

ನಮ್ಮ ಮನೆಯ ರೊಟ್ಟಿ ಹಂಚಿಗೆ ವರ್ಷಕ್ಕೊಮ್ಮೆ ರಜೆ ಸಿಗುತ್ತಿತ್ತು. ನಾಗರ ಪಂಚಮಿ ಹಬ್ಬದ ಮುನ್ನಾದಿನ ರೊಟ್ಟಿ ಹಬ್ಬ. ಅಂದು ಸಂಜೆಯ ದೀಪ ಹಚ್ಚುವುದರೊಳಗೆ ಕೊನೆಯ ರೊಟ್ಟಿ ಬೆಂದಿರಬೇಕು. ಆಮೇಲೆ ಆಯಿ, ಅಂದರೆ ನಮ್ಮಪ್ಪನ ತಾಯಿ, ಹಂಚನ್ನು ಒಲೆಯಿಂದಿಳಿಸಿ, ಆರಿದ ಮೇಲೆ ಬೂದಿ ಹಚ್ಚಿ ತಿಕ್ಕಿ, ಹಳೇ ಸೀರೆಯ ತುಂಡಿನಿಂದ ಒರೆಸಿ, ಅಡುಗೆಮನೆಯ ಗೋಡೆಯ ಗೂಟಕ್ಕೆ ತೂಗುಹಾಕುವಳು. ಹಂಚು ಅಂದರೆ ನಾಗಪ್ಪನ ಹೆಡೆ, ಹಬ್ಬದಲ್ಲಿ ಅದನ್ನು ಬೆಂಕಿಗಿಟ್ಟರೆ ಹೆಡೆಯನ್ನೇ ಸುಟ್ಟಂತೆ ಎಂಬುದು ಆಕೆಯ ನಂಬಿಕೆ. ಕುದಿಸಿದ್ದು, ಹಬೆಯಲ್ಲಿ ಬೆಂದದ್ದು ನಡೆಯುತ್ತಿತ್ತು. ಸುಡುವುದು, ಹುರಿಯುವುದು, ಕರಿಯುವುದು ಯಾವುದೂ ಇಲ್ಲ. ಬೇರೆ ಊರುಗಳ ಎಷ್ಟೋ ಮನೆಗಳಲ್ಲಿ ಇದು ಒಂದೇ ದಿನದ ನೇಮ. ನಮ್ಮಲ್ಲಿ ಮಾತ್ರ ನಾಗಪ್ಪನಿಗೆ ಹಾಲೆರೆಯುವ ಎರಡು ದಿನ, ಹೆಂಗಸರ ಹಾಲು, ಗಂಡಸರ ಹಾಲು ಎರಡೂ ಮುಗಿದು, ಮರುದಿನ ಬೆಳಕು ಹರಿದ ಮೇಲೆಯೇ ಹಂಚು ಕೆಳಗಿಳಿಯುತ್ತಿತ್ತು. ನಮಗೆ ಮಕ್ಕಳಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಜೋಳದ ಅಳ್ಳು ಡಬ್ಬಿ ತುಂಬ ಇರುವಾಗ ರೊಟ್ಟಿಯನ್ನು ಯಾರು ನೆನೆಯುತ್ತಾರೆ? ನೆನೆಯುವವನೊಬ್ಬ ಬಂದದ್ದು ಆ ವರ್ಷ.

ಕಸ್ತೂರಿ ಅತ್ತಿ ಅಪ್ಪನ ತಂಗಿ. ಶಿರಗುಪ್ಪಿಯ ಕಬ್ಬಿನ ಮನೆತನಕ್ಕೆ ಕೊಟ್ಟಿದ್ದರು. ಆ ಸಲದ ಹಬ್ಬ ಶನಿವಾರ, ರವಿವಾರ ಬಿದ್ದದ್ದರಿಂದ ಶುಕ್ರವಾರ ಮುಂಜಾನೆಯ ಬಸ್ಸಿಗೆ ಬಂದಳು, ಸೋಮವಾರ ಅವಳ ಗಂಡ, ನಮ್ಮ ಮಾಮಾ, ಬಂದು ಕರೆದೊಯ್ಯುವ ಮಾತು. ಕಂಕುಳಲ್ಲಿ ಮಲ್ಲು. ಎರಡು ತುಂಬದ ಕೂಸು, ನಡೆಯುವುದಕ್ಕಿಂತ ಬೀಳುವುದೇ ಹೆಚ್ಚು. ಬಾಯಲ್ಲಿ ಐದಾರು ಮಾತು, ಅವುಗಳಲ್ಲಿ ಗಟ್ಟಿಯಾದದ್ದು "ಒಟ್ಟಿ". ಬೇಸಿಗೆಯಲ್ಲಿ ಆ ಕೂಸಿಗೆ ವಾಂತಿಭೇದಿಯಾಗಿ, ಮಿರಜದ ದವಾಖಾನೆಯಲ್ಲಿ ತಲೆಯ ನರಕ್ಕೆ ಸೂಜಿ ಚುಚ್ಚಿ ಸಲಾಯಿನ್ ಹಾಕಿಸಿ ಬದುಕಿಸಿಕೊಂಡು ಬಂದಿದ್ದರು. ಅಂದಿನಿಂದ ಅತ್ತಿಯ ಅತ್ತೆ, ಅಂದರೆ ನಮ್ಮ ಆಯಿಯ ಬೀಗತಿ, ಪ್ರತಿ ಸೋಮವಾರ ಮೊಮ್ಮಗನನ್ನು ತಮ್ಮ ಬೆಲ್ಲದ ಗಾಣದ ತಕ್ಕಡಿಯಲ್ಲಿ ಕಂಬಳಿ ಹಾಸಿ ಕೂರಿಸಿ ತೂಗಿಸುತ್ತಿದ್ದಳು. ಅತ್ತಿ ಚೀಲ ಇಳಿಸುವ ಮೊದಲೇ ಈ ಸುದ್ದಿ ಇಳಿಸಿದಳು.

"ಎವ್ವಾ, ಬರೂ ಮುಂದ ನಮ್ಮತ್ತಿ ಏನಂದ್ರು ಗೊತ್ತೈತೇನು? ಸೋಮವಾರ ಸಂಜಿಗೆ ತಕ್ಕಡಿ ಕಟ್ಟಿಸಿ ಇಟ್ಟಿರತೇನಿ, ಕೂಸು ಇಳದಿತ್ತಂದ್ರ ಈ ಸಲದ ಬಾಣಂತನ ನಮ್ಮ ಮನ್ಯಾಗನ ಅಂದ್ರು."

"ಕೂಸನ್ನ ತಕ್ಕಡ್ಯಾಗ ತೂಗತಾರ? ಅದೇನು ಬೆಲ್ಲದ ಪೆಂಟಿ ಅಂತ ತಿಳದಾಳೇನು ಆಕಿ?"

"ನಗಬ್ಯಾಡ ಬೇ. ಅವರು ಅಂದ್ರ ಅಂದಂಗ."

ಅತ್ತಿಗೆ ಆಗ ನಾಲ್ಕು ತಿಂಗಳು. ಮಲ್ಲು ಹುಟ್ಟಿದ್ದು ನಮ್ಮ ಮನೆಯಲ್ಲೇ, ಆಯಿಯ ಕೈಯಲ್ಲೇ ಎರೆಸಿಕೊಂಡು. ಎರಡನೆಯದಕ್ಕೂ ಇಲ್ಲಿಗೇ ಬರಬೇಕೆಂಬುದು ಅತ್ತಿಯ ಜೀವದ ಆಸೆ. ಶಿರಗುಪ್ಪಿಯಲ್ಲಿ ಬಾಣಂತಿಯೂ ಒಂಬತ್ತನೆಯ ದಿನಕ್ಕೆ ಗಾಣದ ಆಳುಗಳಿಗೆ ರೊಟ್ಟಿ ಬಡಿಯಬೇಕಾದೀತು ಎಂದು ಅವಳ ನೆಗೆಣ್ಣಿ ಹೇಳಿದ್ದು ಅವಳ ತಲೆಯಲ್ಲಿ ಕೂತಿತ್ತು. ಹೀಗಾಗಿ ಆ ಹಬ್ಬ ನಮ್ಮ ಮನೆಗೆ ಹಬ್ಬವಾಗಿ ಬರಲಿಲ್ಲ. ಕೂಸಿನ ಮೈಮೇಲಿನ ಮಾಂಸವನ್ನು ಮೂರು ದಿನ ಕಾಯುವ ಕೆಲಸವಾಗಿ ಬಂತು. ಆ ಕಾಯುವಿಕೆಯಲ್ಲಿ ನನಗೂ ಪಾಲು ಸಿಕ್ಕಿತು. ನಾನಾಗ ನಾಲ್ಕನೆಯ ಇಯತ್ತೆ.

"ಶೈಲಾ, ಜೋಕಾಲಿ ಗೀಕಾಲಿ ಅಂತ ಹೋಗಬ್ಯಾಡ," ಅಂದಳು ಅವ್ವ. "ಕೂಸಿನ ಮ್ಯಾಲೆ ಕಣ್ಣ ಇಡು. ಬಾಯಾಗ ಏನ ಹಾಕ್ಕೋತಾನ, ಏನ ಉಗಳತಾನ, ಎಲ್ಲಾ ನೋಡು."

ಶುಕ್ರವಾರ ನೋಡುವುದು ಸುಲಭವಿತ್ತು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು ಕೇಳಿದ್ದೇ ತಡ, ಮಲ್ಲು ಪಡಸಾಲೆಯಿಂದ ಹೊಸ್ತಿಲವರೆಗೆ ಅಂಬೆಗಾಲಲ್ಲಿ ಓಡಿದ. ರೊಟ್ಟಿ ಉಬ್ಬಿದಾಗ ಮೇಲೇಳುತ್ತದಲ್ಲ ತೆಳ್ಳನೆಯ ಪದರು, ಅವನಿಗೆ ಅದೇ ಬೇಕು. ಅದನ್ನು ಕಿತ್ತು, ಹಾಲಿನಲ್ಲಿ ಚೂರು ಮಾಡಿ, ಇನ್ನೂ ಹಬೆಯಾಡುವಾಗಲೇ ಬಾಯಿಗಿಡಬೇಕು. ಎದೆಹಾಲು ಬಿಡಿಸಿದಂದಿನಿಂದ ಆತ ಹೀಗೆ ಎಂದಳು ಅತ್ತಿ. ಶಿರಗುಪ್ಪಿಯಲ್ಲಿ ಆ ಬೀಗತಿಯೇ ಮೂರು ಹೊತ್ತೂ ಒಲೆಯ ಮುಂದೆ ತೊಡೆಯ ಮೇಲೆ ಕೂರಿಸಿಕೊಂಡು ಉಣಿಸುತ್ತಾಳಂತೆ. ಅಂದು ಅವನು ಉಂಡದ್ದು ನೋಡಿ ಆಯಿ ನೆಟಿಕೆ ಮುರಿದಳು. ಸಂಜೆ ದೀಪ ಹಚ್ಚಿ, ಎಂದಿನಂತೆ ಹಂಚು ತಿಕ್ಕಿ ಗೂಟಕ್ಕೇರಿಸಿದಳು. ಮಲ್ಲು ಅತ್ತಿಯ ಹೆಗಲ ಮೇಲಿಂದ ಆ ಕರಿಯ ದುಂಡನ್ನೇ ನೋಡುತ್ತಿದ್ದ. ಇದರಿಂದ ಏನಾದೀತೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ರೊಟ್ಟಿ ಹಬ್ಬಕ್ಕೆಂದು ಮಾಡಿದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬುಟ್ಟಿ ತುಂಬ ಇದ್ದವು, ಆದರೆ ಅವು ಕಟಕಲು, ಹಲ್ಲಿದ್ದವರ ತಿನಿಸು.

ಶನಿವಾರ ಹೆಂಗಸರ ಹಾಲು. ದೇವರಕೋಣೆಯಲ್ಲಿ ಮಣ್ಣಿನ ನಾಗಪ್ಪನ ಮುಂದೆ ಸಾಲಾಗಿ ಕೂತು, ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು, ಮನೆಯ ಒಬ್ಬೊಬ್ಬರ ಹೆಸರಿಗೂ ಒಂದೊಂದು ಹನಿ ಎರೆಯುವುದು. "ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು." ಆಯಿ ಎಲ್ಲರಿಗಿಂತ ನಿಧಾನ. ಎರೆಯುತ್ತ ಎರೆಯುತ್ತ ಕೊನೆಗೆ ಬಂದಾಗ ಅವಳ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಪ್ರತಿ ವರ್ಷ ಹೀಗೆಯೇ. ಯಾರ ಪಾಲು ಎಂದು ನಾನು ಒಮ್ಮೆ ಕೇಳಿ ಅವ್ವನಿಂದ ತೊಡೆಗೆ ಚಿವುಟಿಸಿಕೊಂಡಿದ್ದೆ. ಆ ಶನಿವಾರ ನನಗೆ ಅತ್ತ ನೋಡಲು ಹೊತ್ತಿರಲಿಲ್ಲ. ಮಲ್ಲು ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ಹಾಲನ್ನ ಕಲಸಿ ಕೊಟ್ಟರೆ ನಾಲಿಗೆಯಿಂದ ತಳ್ಳಿದ. ಕಡುಬಿನ ಹೂರಣ ನೆಕ್ಕಿಸಿದರೆ ಮುಖ ತಿರುಗಿಸಿದ. ತಂಬಿಟ್ಟು ಉಗುಳಿದ, ಸಜ್ಜಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಬಿಸಿ ಮಾಡಿ ಕೊಟ್ಟರೆ ಬಟ್ಟಲನ್ನೇ ಒದ್ದ. ಅತ್ತಿ ಅವನ ಬಾಯಿ ಹಿಡಿದು ತುರುಕಿದ ನಾಲ್ಕು ತುತ್ತನ್ನೂ ಕಾರಿಕೊಂಡ. ಹೊರಗೆ ಬೇವಿನ ಮರದ ಜೋಕಾಲಿಯಲ್ಲಿ ಓಣಿಯ ಹುಡುಗಿಯರು ಹಾಡುತ್ತಿದ್ದರು. ನಾನು ಪಡಸಾಲೆಯಲ್ಲಿ ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರ್ರೆಂದು ತಿರುಗಿಸುತ್ತ, ಅವನು ನಕ್ಕಾಗ ಬಾಯಿಗೆ ಬಾಳೆಹಣ್ಣಿನ ಚೂರು ಇಡುತ್ತ, ಅದು ಮತ್ತೆ ಹೊರಗೆ ಬರುವುದನ್ನು ನೋಡುತ್ತ ಕೂತಿದ್ದೆ. ಸಂಜೆಗೆ ನಗು ನಿಂತಿತು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಗೂಟದ ಕಡೆ ಬೆರಳು ತೋರಿ, "ಒಟ್ಟಿ, ಒಟ್ಟಿ" ಎಂದು ಸಣ್ಣಗೆ ಅಳತೊಡಗಿದ.

ಆಯಿ ಅವನ ಕಣ್ಣು ತಪ್ಪಿಸಲೆಂದು ಹಂಚಿನ ಮೇಲೆ ಒಂದು ಟವೆಲು ಹೊದಿಸಿದಳು. ಅವನು ಟವೆಲಿಗೂ "ಒಟ್ಟಿ" ಅಂದ.

ರವಿವಾರ ಮುಂಜಾನೆ ಅವನ ಮೈ ಬೆಚ್ಚಗಿತ್ತು, ಕೈಕಾಲು ಬಟ್ಟೆಯ ಹಾಗೆ ಜೋಲುತ್ತಿದ್ದವು. ಅತ್ತಿಯ ಹೆಗಲಿಗೆ ಕೆನ್ನೆ ಹಚ್ಚಿ ಅಳುವುದನ್ನೂ ಬಿಟ್ಟಿದ್ದ. ಅವನು ಅತ್ತಾಗಿನ ಸಂಕಟಕ್ಕಿಂತ ಈ ಸುಮ್ಮನಿರುವಿಕೆ ನನಗೆ ಹೆಚ್ಚು ಭಯ ಹುಟ್ಟಿಸಿತು. ಅಪ್ಪ ಗಂಡಸರ ಹಾಲಿಗಾಗಿ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಬಂದವನು ಕೂಸನ್ನು ನೋಡಿ ಅಡುಗೆಮನೆಯ ಬಾಗಿಲಲ್ಲೇ ನಿಂತ.

"ಎವ್ವಾ, ಹಂಚ ಇಳಸು."

"ನೀ ಸುಮ್ಮನ ಹಾಲು ಎರಿಯಾಕ ಹೋಗು."

"ಕೂಸಿಗಿಂತ ದೊಡ್ಡ ಹಬ್ಬ ಯಾವುದೈತಿ? ಇಳಸು ಅಂದ್ರ ಇಳಸು. ಇಲ್ಲಂದ್ರ ನಾ ಇಳಸತೇನಿ."

"ಮುಟ್ಟಿ ನೋಡು. ಹಂಚ ನನ್ನದು, ಗೂಟ ನನ್ನದು."

"ಹಂಗಾರ ಕಾಯ್ಕೋತ ಕುಂಡರು. ನಾಳಿ ಬೀಗತಿಗೆ ನಾನ ಹೇಳತೇನಿ, ನಿಮ್ಮ ಕೂಸಿನ ತೂಕ ನಮ್ಮ ನಾಗಪ್ಪ ತಿಂದಾನ ಅಂತ!"

ಆಯಿಯ ಕೈ ಸಟ್ಟನೆ ಬಾಯಿಗೆ ಹೋಯಿತು. ಆಮೇಲೆ ಅವಳು ಗೂಟದ ಕೆಳಗೆ, ಗೋಡೆಗೆ ಬೆನ್ನು ಹಚ್ಚಿ ಕೂತುಬಿಟ್ಟಳು. ಅಪ್ಪನ ಮುಖವೂ ಇಳಿಯಿತು. ಆಡಬಾರದ್ದನ್ನು ಆಡಿದೆ ಎಂದು ಅವನಿಗೆ ಗೊತ್ತಾದ ಹಾಗಿತ್ತು. ಏನೆಂದು ಗೊತ್ತಾಗದೆ ನಾನು ಅಳಲು ಶುರು ಮಾಡಿದಾಗ ಅವ್ವ ನನ್ನ ರಟ್ಟೆ ಹಿಡಿದು ಒಣದ್ರಾಕ್ಷಿಯ ಚೀಲಗಳಿಟ್ಟ ಕೋಣೆಗೆ ಕರೆದೊಯ್ದಳು. ಆ ಕೋಣೆಯ ಸಿಹಿ ಹುಳಿ ವಾಸನೆಯೊಂದಿಗೇ ಅವ್ವ ಅಂದು ಹೇಳಿದ್ದು ನನಗೆ ನೆನಪಾಗುತ್ತದೆ.

"ನಿಮ್ಮಪ್ಪಗ ಒಬ್ಬ ತಮ್ಮ ಇದ್ದ. ಈರಣ್ಣ ಅಂತ. ಮಲ್ಲೂನಕಿಂತ ತುಸು ದೊಡ್ಡಾಂವ ಇದ್ನಂತ. ಒಂದ ಪಂಚಮ್ಯಾಗ ಬಿಸಿ ರೊಟ್ಟಿ ಬೇಕಂತ ಹಟ ಹಿಡದ. ಆಯಿ ಮನಸ್ಸು ತಡೀಲಿಲ್ಲ. ಯಾರಿಗೂ ಕಾಣದಂಗ ಹಂಚ ಇಟ್ಟು ಮಾಡಿ ಕೊಟ್ಟಳು. ಅದ ವಾರ ಕಣಕಿ ಬಣವಿ ಹಂತ್ಯಾಕ ಅವಗ ಹಾವು ಕಡೀತು."

"ಸತ್ನೇನು?"

"ಹೂಂ. ಮತ್ತ ಆಕಿ ಮುಂದ ಅವನ ಹೆಸರ ತಗೀಬ್ಯಾಡ."

ಅಲ್ಲಿಯವರೆಗೆ ಆಯಿಯನ್ನು ಹಟಮಾರಿ ಎಂದುಕೊಂಡಿದ್ದೆ. ತಿರುಗಿ ಅಡುಗೆಮನೆಗೆ ಬಂದಾಗ ಅವಳು ಹಂಚನ್ನು ಕಾಯುತ್ತಿಲ್ಲ, ಮಲ್ಲೂನನ್ನು ಕಾಯುತ್ತಿದ್ದಾಳೆ ಎಂದು ತಿಳಿಯಿತು. ರೊಟ್ಟಿ ಕೊಡದಿದ್ದರೆ ಕೂಸು ಸೊರಗುತ್ತದೆ, ಕೊಟ್ಟರೆ ಹೋಗಿಯೇ ಬಿಡುತ್ತದೆ. ಅವಳ ಲೆಕ್ಕದಲ್ಲಿ ಇದ್ದದ್ದು ಇವೆರಡೇ. ಈ ಎರಡರ ನಡುವೆ ಕೂತವಳ ಮುಖ ಹೇಗಿರುತ್ತದೆಂದು ನಾನು ಅಂದು ಮೊದಲು ಕಂಡೆ. ಆಮೇಲೆ ನನ್ನ ಮಕ್ಕಳಿಗೆ ಜ್ವರ ಬಂದಾಗಲೆಲ್ಲ ಕನ್ನಡಿಯಲ್ಲಿ ಕಂಡಿದ್ದೇನೆ.

ಅಪ್ಪ ಎದುರಿನ ನರ್ಸಬಾಯಿಯನ್ನು ಕರೆತಂದ. ನಮ್ಮ ಮನೆ ಐಗಳಿಯ ಊರ ಅಂಚಿಗೆ, ರಸ್ತೆಯ ಆಚೆ ಸರಕಾರಿ ಆರೋಗ್ಯ ಕೇಂದ್ರದ ಎರಡು ಕೋಣೆಯ ಕ್ವಾರ್ಟರ್ಸು. ಅಲ್ಲಿ ಸುಮನಬಾಯಿ ಇದ್ದಳು, ಕಾಗವಾಡ ಕಡೆಯವಳು. ಅವಳ ಮನೆಯ ಗೋಡೆಯ ಮೇಲೆ ಬುದ್ಧನ ಪಟವೊಂದು, ಪಕ್ಕದಲ್ಲಿ ನೀಲಿ ಕೋಟು ತೊಟ್ಟ ಕನ್ನಡಕದವರ ಫೋಟೋ. ನಮಗೆಲ್ಲ ಸೂಜಿ ಹಾಕಿದವಳು ಅವಳೇ. ಆದರೂ ನಮ್ಮ ಮನೆಯಲ್ಲಿ ಅವಳು ಕೂರುತ್ತಿದ್ದದ್ದು ಪಡಸಾಲೆಯ ಕಟ್ಟೆಯ ಮೇಲೆ. ಅವಳ ಚಹಾದ ಕಪ್ಪು ಹೊರಗಿನ ಗೋಡೆಯ ಮಾಡದಲ್ಲಿ ಬೇರೆಯೇ ಇರುತ್ತಿತ್ತು. ಅಂದೂ ಕಟ್ಟೆಯ ಮೇಲೇ ಕೂತು, ಮಲ್ಲೂನ ನಾಲಿಗೆ ನೋಡಿದಳು, ಕಣ್ಣ ರೆಪ್ಪೆ ಎಳೆದಳು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು.

"ಇದು ಜಡ್ಡು ಅಲ್ರಿ ಆಯಿ, ಹಸಿವು. ಉಪ್ಪು ಸಕ್ಕರಿ ನೀರು ಕುಡಸ್ರಿ, ಹೊಟ್ಟಿಗೆ ಏನರ ಬೀಳಲಿ. ಇವತ್ತೂ ಹಿಂಗ ಬಿಟ್ರ ನಾಳಿ ಮತ್ತ ಮಿರಜದ ದಾರಿ ಹಿಡೀಬೇಕಾಗತೈತಿ. ಏನ ತಿಂತಾನ ಇಂವ?"

ಮಲ್ಲು ಹೆಗಲಿನಿಂದ ತಲೆ ಎತ್ತಿ ಒಳಗೆ ಬೆರಳು ತೋರಿದ. ನರ್ಸಬಾಯಿ ಬಗ್ಗಿ, ಬಾಗಿಲಿನಾಚೆ ಟವೆಲು ಹೊದ್ದ ಹಂಚನ್ನೂ ಅದರ ಕೆಳಗೆ ಕೂತ ಆಯಿಯನ್ನೂ ನೋಡಿದಳು.

"ನಮ್ಮಲ್ಲಿ ಇವತ್ತ ರೊಟ್ಟಿ ಐತ್ರಿ," ಅಂದಳು. ಅಷ್ಟೇ ಅಂದು ಎದ್ದು ಹೋದಳು.

ಅವಳು ಹೋದ ಮೇಲೆ ಅತ್ತಿಯೇ ಮೊದಲು ಬಾಯಿ ತೆರೆದಳು.

"ನಮ್ಮತ್ತಿಗೆ ತಿಳದ್ರ ನಾ ಸತ್ತೆ."

"ತಿನ್ನಸದಿದ್ರೂ ಸಾಯ್ತಿ, ತಿನ್ನಸಿದ್ರೂ ಸಾಯ್ತಿ," ಅಂದ ಅಪ್ಪ. "ತಿನ್ನಸೇ ಸಾಯಿ."

ಆಗ ಆಯಿ ಎದ್ದಳು. ಅವಳಿಗೊಂದು ದಾರಿ ಹೊಳೆದಿತ್ತು. ಟವೆಲು ತೆಗೆದು ಹಂಚನ್ನಿಳಿಸಿದಳು, ಬಟ್ಟಲಲ್ಲಿ ನಮ್ಮ ಜೋಳದ ಹಿಟ್ಟು ಹಾಕಿದಳು, ತಂಬಿಗೆಯಲ್ಲಿ ಹಾಲು. ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿ ನನ್ನ ತಲೆಯ ಮೇಲಿಟ್ಟಳು.

"ಹಿಟ್ಟು ನಮ್ಮದು, ಹಂಚ ನಮ್ಮದು. ಬೆಂಕಿ ಅಷ್ಟ ಆಕೀದು. ಬೆಂಕಿಗೆ ಯಾವ ಮೈಲಿಗಿನೂ ಹತ್ತೂದಿಲ್ಲ. ಮಾಡಿಸಿಕೊಂಡು ಬಾ, ಹೋಗು."

ರಸ್ತೆ ದಾಟುವಾಗ ಬುಟ್ಟಿಯ ಭಾರಕ್ಕಿಂತ ಹೆದರಿಕೆಯ ಭಾರ ಹೆಚ್ಚಿತ್ತು. ಹಂಚು ಜಾರಿ ಬಿದ್ದರೆ? ಹಬ್ಬದಲ್ಲಿ ಗೂಟ ಬಿಟ್ಟಿಳಿದದ್ದಕ್ಕೆ ನಾಗಪ್ಪ ದಾರಿಯಲ್ಲೇ ಎದುರಾದರೆ? ಜೋಕಾಲಿಯ ಹುಡುಗಿಯರು ಏನದು ಎಂದು ಕೂಗಿದರು. ನಾನು ನೆಲ ನೋಡುತ್ತ ನಡೆದೆ. ನರ್ಸಬಾಯಿ ಶೇಗಡಿಯ ಇದ್ದಿಲಿಗೆ ಬೀಸಣಿಗೆ ಬೀಸುತ್ತಿದ್ದಳು. ಬುಟ್ಟಿಯ ಬಟ್ಟೆ ಎತ್ತಿ ನೋಡಿ ನಕ್ಕಳು.

"ಏನ ಶೈಲಾ, ಬೀಗರ ಮನಿಗೆ ಬುತ್ತಿ ತಂದಂಗ ತಂದಿಯಲ್ಲ!"

ಆಮೇಲೆ ನಗು ಉಳಿಯಲಿಲ್ಲ. ಹಂಚನ್ನು ಕೈಯಿಂದ ಮುಟ್ಟದೆ ಬಟ್ಟೆಯನ್ನು ಮೊದಲಿನಂತೆ ಮುಚ್ಚಿದಳು.

"ನಿಮ್ಮ ಆಯಿಗೆ ಹೇಳು. ನಿಮ್ಮ ಹಂಚ ನನ್ನ ಬೆಂಕಿ ಮ್ಯಾಲೆ ಕುಂತ್ರೂ ಸುಡೂದು ನಿಮ್ಮ ನಾಗಪ್ಪನ ಹೆಡೀನ. ರಸ್ತಾ ದಾಟಿದ್ರ ಅವಗ ಗೊತ್ತಾಗೂದಿಲ್ಲೇನು? ನನ್ನ ಹಂಚಿಗೆ ಪಂಚಮಿ ಇಲ್ಲ. ನನ್ನ ಹಿಟ್ಟಿಲೇ ಮಾಡತೇನಿ, ನನ್ನ ಹಂಚಿನ ಮ್ಯಾಲೆ ಮಾಡತೇನಿ. ಆದ್ರ ಒಯ್ದು ತಿನ್ನಸಾಕ ಬರಂಗಿಲ್ಲ. ಬಾಗಲ ದಾಟೂದ್ರಾಗ ಪದರ ಮೆತ್ತಗಾಗತೈತಿ. ಕೂಸನ್ನ ಇಲ್ಲಿ ಕರಕೊಂಡ ಬರ್ರಿ ಅನ್ನು."

ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಆಯಿಗೆ ಒಪ್ಪಿಸಿದೆ. ಒಂದು ಮಾತನ್ನೂ ಬಿಡಲಿಲ್ಲ, ಬಿಟ್ಟರೆ ಕೂಸಿಗೆ ಕೇಡಾದೀತೆಂಬ ಭಯ. ಆಯಿ ಹಂಚನ್ನು ಬುಟ್ಟಿಯಿಂದ ತೆಗೆದು ಅಂಗೈಯಿಂದ ಸವರಿ ನೋಡಿದಳು. ತಣ್ಣಗಿತ್ತು. "ಆಕಿ ಅಂದದ್ದು ಖರೆ ಐತಿ," ಎಂದು ಯಾರಿಗೂ ಅಲ್ಲದಂತೆ ಅಂದಳು. ಅದನ್ನು ಮತ್ತೆ ಒರೆಸಿ ಗೂಟಕ್ಕೇರಿಸಿ, ಅತ್ತಿಯ ಹೆಗಲಿನಿಂದ ಮಲ್ಲೂನನ್ನು ಎತ್ತಿಕೊಂಡಳು.

"ಎವ್ವಾ, ಎಲ್ಲಿಗೆ?"

"ಹಸದೈತಿ," ಅಂದಳು ಆಯಿ. ಸೆರಗನ್ನು ತಲೆತುಂಬ ಹೊದ್ದು, ಚಪ್ಪಲಿಯಿಲ್ಲದೆ, ಓಣಿಯೆಲ್ಲ ನೋಡುತ್ತಿರುವಾಗ ರಸ್ತೆ ದಾಟಿದಳು. ಹಿಂದೆ ನಾನು, ಹಾಲಿನ ತಂಬಿಗೆ ಹಿಡಿದು.

ನರ್ಸಬಾಯಿಯ ಹೊಸ್ತಿಲ ಹತ್ತಿರ ಆಯಿ ಒಂದು ಗಳಿಗೆ ನಿಂತಳು. ನರ್ಸಬಾಯಿ "ಬರ್ರಿ" ಎನ್ನಲಿಲ್ಲ, "ಬ್ಯಾಡ್ರಿ" ಎನ್ನಲೂ ಇಲ್ಲ. ಬೆನ್ನು ಹಾಕಿ ಹಿಟ್ಟು ನಾದುತ್ತಲೇ ಇದ್ದಳು. ಮೊದಲ ರೊಟ್ಟಿ ಹಂಚಿನ ಮೇಲೆ ಬಿದ್ದು, ನೀರು ಸವರಿಸಿಕೊಂಡು, ಕೆಂಡದ ಪಕ್ಕ ನಿಂತು ಬುಸ್ಸೆಂದು ಉಬ್ಬಿತು. ಮಲ್ಲು ಆಯಿಯ ಕಂಕುಳಲ್ಲಿ ನೆಟ್ಟಗಾದ. "ಒಟ್ಟಿ!" ಎರಡು ದಿನದ ದನಿಯೆಲ್ಲ ಒಟ್ಟಾಗಿ ಬಂದಂತಿತ್ತು. ಆಯಿ ಒಳಗೆ ಹೋಗಿ ಶೇಗಡಿಯ ಮುಂದೆ ಕೂತಳು. ನರ್ಸಬಾಯಿ ಸ್ಟೀಲ್ ತಾಟಿನಲ್ಲಿ ರೊಟ್ಟಿ ಇಟ್ಟು ಸರಿಸಿದಳು.

"ಸುಡತೈತ್ರಿ ಆಯಿ. ಊದ್ರಿ."

"ರೊಟ್ಟಿ ಸುಡತೈತಿ ಅಂತ ನನಗ ಕಲಸಾಕ ಬಂದಿಯೇನ? ನೀ ಇನ್ನೊಂದ ಹಾಕು."

ಆಯಿಯ ಬೆರಳು ಹಬೆಗೆ ಕೆಂಪಾದವು. ಪದರು ಕಿತ್ತಳು, ಊದಿದಳು, ಹಾಲಿನಲ್ಲಿ ಚೂರು ಮಾಡಿ ಬಾಯಿಗಿಟ್ಟಳು. ಮಲ್ಲು ನುಂಗಿದ. ನಾನು ಅವನ ಗಂಟಲನ್ನೇ ನೋಡುತ್ತಿದ್ದೆ. ಇಳಿಯಿತು. ಮತ್ತೊಂದು ತುತ್ತು, ಅದೂ ಇಳಿಯಿತು. ತಿರುಗಿ ಬರುತ್ತದೋ ಏನೋ ಎಂದು ನಾವು ಮೂವರೂ ಕಾದೆವು. ಬರಲಿಲ್ಲ. ಅವನು ಬಾಯಿ ತೆರೆದುಕೊಂಡೇ ಇದ್ದ, ಗುಬ್ಬಿ ಮರಿಯ ಹಾಗೆ. ಎರಡನೆಯ ರೊಟ್ಟಿಯ ಪದರು ಕೀಳುವಾಗ ಆಯಿ ತಲೆ ಎತ್ತದೆ ಅಂದಳು:

"ನಮ್ಮ ಈರಣ್ಣನೂ ಮ್ಯಾಲಿನ ಪದರ ಅಷ್ಟ ತಿಂತಿದ್ದ."

ನರ್ಸಬಾಯಿ ಆಯಿಯ ಮುಂದೆ ಉಳಿದಿದ್ದ ದಪ್ಪನೆಯ ತಳದ ಪದರನ್ನು ತಾನು ತೆಗೆದುಕೊಂಡು, ಶೇಂಗಾ ಚಟ್ನಿ ಹಚ್ಚಿ, ಅರ್ಧ ನನಗೆ ಕೊಟ್ಟು ಅರ್ಧ ತಾನು ತಿಂದಳು.

ಮನೆಗೆ ಬಂದ ಮೇಲೆ ಆಯಿ ತಲೆ ಮೇಲೆ ನೀರು ಹಾಕಿಕೊಂಡಳು. ಅದನ್ನೂ ಹೇಳಬೇಕು. ಹಾಗೆ ಸ್ನಾನ ಮಾಡಿದ್ದನ್ನು ನೋಡಿ ಅಪ್ಪ ಏನೋ ಅನ್ನಲು ಹೋದ, ಅವ್ವ ಕಣ್ಣಲ್ಲೇ ತಡೆದಳು. ಆದರೆ ಒದ್ದೆ ಕೂದಲಲ್ಲೇ ಆಯಿ ದೇವರಕೋಣೆಗೆ ಬಂದು, ಅಪ್ಪನ ಹಾಲು ಮುಗಿದ ಮೇಲೆ, ಅಂದು ಗಂಡಸರ ಸರದಿಯಾಗಿದ್ದರೂ, ಕೊಬ್ಬರಿ ಬಟ್ಟಲನ್ನು ತಾನು ಇಸಿದುಕೊಂಡಳು. ದೇವರ ಪಾಲು, ಗುರುವಿನ ಪಾಲು. ಕಸ್ತೂರಿ ಪಾಲು, ಮಲ್ಲೂನ ಪಾಲು. ಕೊನೆಗೆ ತುಟಿ ಅಲುಗಿತು, ಆ ಸಲ ದನಿಯೂ ಬಂತು.

"ಈರಣ್ಣನ ಪಾಲು."

ಅಪ್ಪ ಮುಖ ತಿರುಗಿಸಿ ಗೋಡೆ ನೋಡಿದ. ಬಟ್ಟಲಲ್ಲಿ ಇನ್ನೊಂದು ಹನಿ ಉಳಿದಿತ್ತು. ಆಯಿ ಅದನ್ನು ಸುಮ್ಮನೆ ಚೆಲ್ಲಬಹುದಿತ್ತು.

"ನರ್ಸಬಾಯಿ ಪಾಲು," ಅಂದು ಎರೆದಳು.

ಆ ಸಂಜೆಯೂ, ಸೋಮವಾರ ಮುಂಜಾನೆಯೂ ಆಯಿಯೇ ಮಲ್ಲೂನನ್ನು ರಸ್ತೆ ದಾಟಿಸಿದಳು. ಸೋಮವಾರ ನಮ್ಮ ಹಂಚು ಇಳಿದಿತ್ತಾದರೂ ಯಾಕೋ ಒಯ್ದಳು. ಮಾಮಾ ಬಂದ, ಕೆಂಪು ಬಸ್ಸು ಬಂತು, ಅತ್ತಿ ಕಿಟಕಿಯಿಂದ ಕೈ ಬೀಸಲೂ ಮರೆತು ಕೂಸಿನ ರಟ್ಟೆಯನ್ನು ಬೆರಳಿನಿಂದ ಅಳೆಯುತ್ತ ಹೋದಳು. ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ಆ ತಕ್ಕಡಿಯನ್ನೇ ಯೋಚಿಸುತ್ತಿದ್ದೆವು. ಅಪ್ಪ ಕಬ್ಬಿನ ಬೀಜ ತರುವ ನೆಪದಲ್ಲಿ ಶಿರಗುಪ್ಪಿಗೆ ಹೋಗಿ ಬಂದ. ಕಾಲು ತೊಳೆಯುವುದಕ್ಕೂ ಬಿಡದೆ ಆಯಿ ಕೇಳಿದಳು.

"ಏನಾತು?"

"ತಕ್ಕಡಿ ಮುಳ್ಳು ಹ್ವಾದ ವಾರ ಇದ್ದಲ್ಲೇ ನಿಂತಿತ್ತಂತ. ಬೀಗತಿ ಮೂರ ಸಲ ತೂಗ್ಯಾಳ, ನಂಬಿಕಿ ಬರವಲ್ಲದು. ಪಂಚಮ್ಯಾಗ ಏನ ತಿನಸಿದ್ರಿ ಅಂತ ಕೇಳ್ಯಾಳ. ಕಸ್ತೂರಿ ಬಾಯಿ ಬಿಡೂಕಿಂತ ಮೊದಲ ಇಂವ ತಕ್ಕಡ್ಯಾಗ ಕುಂತ ಹೇಳ್ಯಾನ, 'ನಸಬಾಯಿ ಒಟ್ಟಿ' ಅಂತ."

"ಅಯ್ಯ ನನ ಶಿವನ! ಏನಂದಳು ಆಕಿ?"

"'ಕೂಸನ್ನ ಇಳಸ್ರಿ, ಬೆಲ್ಲ ತೂಗೂದೈತಿ' ಅಂದಳಂತ."

ಬೀಗತಿ ಹೊಟ್ಟೆಯೊಳಗೆ ಏನಿಟ್ಟುಕೊಂಡಿದ್ದಳೋ ನಮಗೆ ತಿಳಿಯಲಿಲ್ಲ. ಚಳಿಗಾಲಕ್ಕೆ ಅತ್ತಿಯನ್ನು ಬಾಣಂತನಕ್ಕೆ ನಮ್ಮಲ್ಲಿಗೇ ಕಳಿಸಿದಳು, ಜೊತೆಗೆ ಎರಡು ಪೆಂಟೆ ಬೆಲ್ಲ. ಒಂದು ನಮಗೆ. ಇನ್ನೊಂದು ಯಾರಿಗೆಂದು ಹೇಳಿರಲಿಲ್ಲ. ಆಯಿ ಅದನ್ನು ನನ್ನ ಕೈಯಲ್ಲಿ ಕೊಟ್ಟು ರಸ್ತೆಯ ಕಡೆ ಗದ್ದ ಎತ್ತಿದಳು. ಇಷ್ಟಾದರೂ ಆ ಮಾಡದಲ್ಲಿನ ಕಪ್ಪು ಒಳಗೆ ಬರಲು ಇನ್ನೂ ಬಹಳ ವರ್ಷಗಳು ಹಿಡಿದವು. ಅದನ್ನು ಒಳಗೆ ತಂದದ್ದು ಆಯಿ ಅಲ್ಲ, ಅವ್ವ.

ಈಗ ಅಥಣಿಯ ನನ್ನ ಅಡುಗೆಮನೆಯಲ್ಲಿ ಗ್ಯಾಸಿನ ಒಲೆ. ಗೂಟವಿಲ್ಲ, ಮೊಳೆಯಿದೆ. ಪಂಚಮಿ ಬಂದರೆ ನಾನೂ ಹಂಚು ತೊಳೆದು ತೂಗುಹಾಕುತ್ತೇನೆ, ಹಾಕದಿದ್ದರೆ ಕೈ ಕೇಳುವುದಿಲ್ಲ. ಆದರೆ ಹಬ್ಬಕ್ಕೆ ಯಾರಾದರೂ ಸಣ್ಣ ಕೂಸಿನೊಂದಿಗೆ ಬರುತ್ತಾರೆಂದರೆ, ಅದು ಏನು ತಿನ್ನುತ್ತದೆಂದು ವಾರ ಮೊದಲೇ ಫೋನು ಮಾಡಿ ಕೇಳುತ್ತೇನೆ. ಎಲ್ಲರೂ ನಗುತ್ತಾರೆ. ಆಮೇಲೆ ಮೆಟ್ಟಿಲಿಳಿದು ಹೋಗಿ, ಕೆಳಗಿನ ಮನೆಯವರ ಹಂಚು ಆ ಎರಡು ದಿನ ಒಲೆಯ ಮೇಲೆಯೇ ಇರುತ್ತದಲ್ಲವೇ ಎಂದು ವಿಚಾರಿಸಿಕೊಂಡು ಬರುತ್ತೇನೆ. ಹೌದು ಅಂದ ಮೇಲೆಯೇ ನನ್ನದನ್ನು ಮೊಳೆಗೇರಿಸುತ್ತೇನೆ.